ಪಾಯಿಂಟ್ ಆಮೇಲೆ, ಮೊದಲು ಕಾಲು ನೋಡಿ

ಪ್ರಶ್ನೆ: ನಾನು ದಾವಣಗೆರೆಯವನು. ಈಗ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಊರಲ್ಲಿದ್ದಾಗ ಕ್ರಿಕೆಟ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. ನಮ್ಮ ಟೀಮಿನ ಒಬ್ಬ ಫಾರ್ವರ್ಡ್ (ಬುಟ್ಟಿಯ ಹತ್ತಿರ, ಅಂಚಿನಲ್ಲಿ ಆಡುವ ಎತ್ತರದ ಆಟಗಾರ) ಸಿಕ್ಕಾಪಟ್ಟೆ ಪಾಯಿಂಟ್ ಹೊಡೆಯುತ್ತಾನೆ. ‘ಇವನು ಎನ್‌ಬಿಎಗೆ, ಅಂದರೆ ಇಲ್ಲಿನ ದೊಡ್ಡ ಪ್ರೊಫೆಷನಲ್ ಲೀಗ್‌ಗೆ, ಹೋಗೋದು ಗ್ಯಾರಂಟಿ’ ಅಂದೆ. ನಮ್ಮ ಲ್ಯಾಬಿನ ಹಿರಿಯರೊಬ್ಬರು ನಕ್ಕುಬಿಟ್ಟರು. ‘ಹಿಂದೆ ನಮ್ಮ ಟೀಮಿನಲ್ಲಿದ್ದ ಡೆರಿಕ್ ವಿಲಿಯಮ್ಸ್ ಬಗ್ಗೆ ನಾವೂ ಹೀಗೇ ಅಂದಿದ್ವಿ’ ಅಂದರು. ಸರ್, ಕಾಲೇಜಿನ ಫಾರ್ವರ್ಡ್ ಒಬ್ಬ ಮುಂದೆ ಪ್ರೊಫೆಷನಲ್ ಆಗಿ ನಿಲ್ಲುತ್ತಾನೋ ಇಲ್ಲವೋ ಅಂತ ನನ್ನಂಥವನು ಸೀಟಿನಲ್ಲಿ ಕೂತು ಅಂದಾಜು ಮಾಡೋದು ಹೇಗೆ?

ಉತ್ತರ: ನಿಮ್ಮ ಲ್ಯಾಬಿನ ಹಿರಿಯರು ನಕ್ಕಿದ್ದರಲ್ಲಿ ತಪ್ಪಿಲ್ಲ. ಆದರೆ ಅವರು ನಗಬೇಕಾದದ್ದು ನಿಮ್ಮ ಮೇಲಷ್ಟೇ ಅಲ್ಲ, ನನ್ನಂಥವರ ಮೇಲೂ. ಆಟಗಾರರ ವಿಡಿಯೊ ನೋಡಿ ಟಿಪ್ಪಣಿ ಬರೆಯೋದೇ ನನ್ನ ಕೆಲಸ. ವಿಲಿಯಮ್ಸ್ ವಿಷಯದಲ್ಲಿ ನಾನೂ ಮುಗ್ಗರಿಸಿ ಬಿದ್ದವನೇ. ಆ ಕಥೆಯಿಂದಲೇ ಶುರು ಮಾಡುತ್ತೇನೆ.

2011ರ ಮಾರ್ಚ್ 24, ಕ್ಯಾಲಿಫೋರ್ನಿಯಾದ ಅನಾಹೈಮ್, ಹೋಂಡಾ ಸೆಂಟರ್. ಕಾಲೇಜು ಟೂರ್ನಿಯಲ್ಲಿ ಉಳಿದದ್ದು ಹದಿನಾರೇ ತಂಡ. ಆ ರಾತ್ರಿ ಅಲ್ಲಿ ಎರಡು ಮ್ಯಾಚ್. ಒಂದರಲ್ಲಿ ನಿಮ್ಮ ಅರಿಜೋನಾ, ಎದುರಿಗೆ ಡ್ಯೂಕ್. ಡೆರಿಕ್ ವಿಲಿಯಮ್ಸ್ ಮೊದಲ ಅರ್ಧದಲ್ಲೇ 25 ಪಾಯಿಂಟ್ ಹೊಡೆದ, ಒಟ್ಟು 32 ಪಾಯಿಂಟ್, 13 ರೀಬೌಂಡ್ (ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡು ಹಿಡಿದದ್ದು). ಡ್ಯೂಕ್ ಕಡೆ ಕೈರಿ ಇರ್ವಿಂಗ್ 28 ಹೊಡೆದರೂ ಪ್ರಯೋಜನವಾಗಲಿಲ್ಲ. ಅರಿಜೋನಾ 93-77ರಿಂದ ಗೆದ್ದಿತು. ಇನ್ನೊಂದು ಮ್ಯಾಚ್‌ನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ತಂಡ ಕನೆಕ್ಟಿಕಟ್‌ಗೆ ಸೋತು ಮನೆಗೆ ಹೋಯಿತು. ಸೋತ ಆ ತಂಡದಲ್ಲಿ ಉದ್ದ ಕೈಯಿನ, ಹೆಚ್ಚು ಮಾತಾಡದ ಒಬ್ಬ ಫಾರ್ವರ್ಡ್ ಇದ್ದ. ಹೆಸರು ಕವಾಯ್ ಲೆನಾರ್ಡ್.

ನನ್ನ ನೋಟ್‌ಬುಕ್ಕಿನಲ್ಲಿ ವಿಲಿಯಮ್ಸ್ ಹೆಸರಿನ ಮುಂದೆ ಎರಡು ಗೆರೆ ಎಳೆದು ‘ಖಚಿತ’ ಅಂತ ಬರೆದಿದ್ದೆ. ಲೆನಾರ್ಡ್ ಮುಂದೆ ಬರೆದದ್ದು: ‘ಕೈ ದೊಡ್ಡದು. ಶಾಟ್ ಇಲ್ಲ. ಬೆಂಚಿಗೆ ಸರಿ.’ ಆ ಪುಟವನ್ನು ಇನ್ನೂ ಹರಿದು ಹಾಕಿಲ್ಲ. ಜಂಬ ಹೆಚ್ಚಾದಾಗ ತೆಗೆದು ನೋಡುತ್ತೇನೆ.

ಆ ವರ್ಷದ ಜೂನ್ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಇರ್ವಿಂಗ್ ಮೊದಲನೆಯವನಾಗಿ ಹೋದ. ವಿಲಿಯಮ್ಸ್‌ನನ್ನು ಎರಡನೆಯವನಾಗಿ ಮಿನೆಸೋಟ ತೆಗೆದುಕೊಂಡಿತು. ಲೆನಾರ್ಡ್ ಹೋದದ್ದು ಹದಿನೈದನೆಯ ಜಾಗದಲ್ಲಿ. ಆತನನ್ನು ಆರಿಸಿದ ಇಂಡಿಯಾನಾ, ಅದೇ ರಾತ್ರಿ ಜಾರ್ಜ್ ಹಿಲ್ ಎಂಬ ಗಾರ್ಡ್‌ಗಾಗಿ (ದೂರದಿಂದ ಆಡುವ, ಚೆಂಡು ನಡೆಸುವ ಆಟಗಾರ) ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಬಿಟ್ಟುಕೊಟ್ಟಿತು. ಮುಂದೆ ಲೆನಾರ್ಡ್ 2014ರಲ್ಲಿ ಸ್ಪರ್ಸ್ ಪರ, 2019ರಲ್ಲಿ ಟೊರಾಂಟೊ ಪರ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ. 2015 ಮತ್ತು 2016ರಲ್ಲಿ ಲೀಗಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯೂ ಬಂತು. ವಿಲಿಯಮ್ಸ್ ತಂಡದಿಂದ ತಂಡಕ್ಕೆ ಅಲೆದು, ಆಮೇಲೆ ಯುರೋಪಿಗೆ ಹೋದ.

ಹಾಗಾದರೆ ಆ ರಾತ್ರಿ ಕಣ್ಣಿಗೆ ಬೀಳದೆ ಹೋದದ್ದು ಏನು? ಬೀಳದೆ ಹೋದದ್ದು ಅಂತೇನಿಲ್ಲ, ಎಲ್ಲ ಕಣ್ಣೆದುರೇ ಇತ್ತು. ನಾವು ಸ್ಕೋರ್‌ಬೋರ್ಡ್ ನೋಡುತ್ತಾ ಕೂತಿದ್ದೆವು ಅಷ್ಟೇ.

ಮೊದಲು ಶೂಟಿಂಗ್ ತಗೊಳ್ಳಿ. ಇಲ್ಲೇ ಎಲ್ಲರೂ ಯಾಮಾರೋದು. ಆ ಕಾಲೇಜು ಸೀಸನ್‌ನಲ್ಲಿ ವಿಲಿಯಮ್ಸ್‌ನ ಥ್ರೀ ಪಾಯಿಂಟರ್ (ದೂರದ ಗೆರೆಯ ಆಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ಎಸೆತ) ಲೆಕ್ಕ 56.8 ಶೇಕಡಾ. ಲೆನಾರ್ಡ್‌ನದು 29.1. ಯಾರೇ ನೋಡಿದರೂ ಒಬ್ಬ ಶೂಟರ್, ಇನ್ನೊಬ್ಬ ಅಲ್ಲ ಅನ್ನುತ್ತಾರೆ ಅಲ್ವಾ? ಆದರೆ ವಿಲಿಯಮ್ಸ್ ಇಡೀ ಸೀಸನ್‌ನಲ್ಲಿ ಎಸೆದ ಥ್ರೀ ಬರೀ 74. ಹಾಕಿದ್ದು 42. ಆಡಿದ್ದು 38 ಮ್ಯಾಚ್. ಅಂದರೆ ಮ್ಯಾಚಿಗೆ ಎರಡು ಎಸೆತ, ಅದೂ ಯಾರೂ ಹತ್ತಿರ ಇಲ್ಲದಾಗ, ಕಾಲು ನೆಟ್ಟು ನಿಂತು. ಅದರಲ್ಲಿ ಹತ್ತು ಚೆಂಡು ರಿಂಗಿಗೆ ತಾಗಿ ಹೊರಗೆ ಬಿದ್ದಿದ್ದರೆ ಲೆಕ್ಕ 43ಕ್ಕೆ ಇಳಿಯುತ್ತಿತ್ತು. ಹತ್ತೇ ಚೆಂಡು! ಐದು ತಿಂಗಳಲ್ಲಿ ಹತ್ತು ಚೆಂಡು ಆ ಕಡೆ ಈ ಕಡೆ ಆಗೋದು ದೊಡ್ಡ ಮಾತಲ್ಲ. ಮೇಲಾಗಿ ಆಗಿನ ಕಾಲೇಜು ಥ್ರೀ ಗೆರೆ ಇದ್ದದ್ದು 20 ಅಡಿ 9 ಇಂಚಿನಲ್ಲಿ. ಎನ್‌ಬಿಎ ಗೆರೆ ಮೂಲೆಯಲ್ಲಿ 22 ಅಡಿ, ಎದುರಿನಲ್ಲಿ 23 ಅಡಿ 9 ಇಂಚು. ಎದುರಿನಲ್ಲಿ ಪೂರಾ ಮೂರು ಅಡಿ ಹಿಂದೆ. (ಈಗ ಕಾಲೇಜು ಗೆರೆಯನ್ನು 22 ಅಡಿ ಚಿಲ್ಲರೆಗೆ ತಳ್ಳಿದ್ದಾರೆ. 2019-20ರಿಂದ. ಹಾಗಾಗಿ ಹಳೆಯ ಆಟಗಾರರ ಶೇಕಡಾವನ್ನು ಈಗಿನವರ ಪಕ್ಕ ಇಟ್ಟು ತೂಗಬೇಡಿ.)

ಇನ್ನು ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಎಸೆತ, ನೋಡಿ. ವಿಲಿಯಮ್ಸ್ 74.6. ಲೆನಾರ್ಡ್ 75.9. ಇಬ್ಬರೂ ಒಂದೇ!

ಫ್ರೀ ಥ್ರೋ ನೋಡೋಕೆ ಬೋರು. ಜನ ಪಾಪ್‌ಕಾರ್ನ್ ತರೋಕೆ ಏಳೋ ಹೊತ್ತು ಅದು. ನನಗೆ ಮಾತ್ರ ಇಡೀ ಆಟದಲ್ಲಿ ಅದೇ ಪ್ರಾಮಾಣಿಕ ಕ್ಷಣ. ಯಾರೂ ಅಡ್ಡ ಬರುವುದಿಲ್ಲ. ದೂರ 15 ಅಡಿ, ಕಾಲೇಜಿನಲ್ಲೂ ಅಷ್ಟೇ, ಎನ್‌ಬಿಎಯಲ್ಲೂ ಅಷ್ಟೇ, ದಾವಣಗೆರೆಯ ಕೋರ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಎಸೆತಗಳೂ ಜಾಸ್ತಿ ಸಿಗುತ್ತವೆ. ವಿಲಿಯಮ್ಸ್ ಮ್ಯಾಚಿಗೆ ಎಂಟಕ್ಕಿಂತ ಹೆಚ್ಚು ಎಸೆಯುತ್ತಿದ್ದ. ಕೈಯಲ್ಲಿ ಶಾಟ್ ಇದೆಯೋ ಇಲ್ಲವೋ ಅನ್ನೋದಕ್ಕೆ 74 ಥ್ರೀಗಿಂತ ಮುನ್ನೂರು ಫ್ರೀ ಥ್ರೋ ನಂಬೋದು ಮೇಲು. ಆ ಲೆಕ್ಕ ಹೇಳುತ್ತಿದ್ದದ್ದು ಇಷ್ಟೇ: ಇಬ್ಬರ ಕೈಯೂ ಪರವಾಗಿಲ್ಲ, ಇಬ್ಬರೂ ಕಲಿಯಬೇಕು. ಎನ್‌ಬಿಎಯಲ್ಲಿ ವಿಲಿಯಮ್ಸ್‌ನ ಥ್ರೀ ಲೆಕ್ಕ ಮೂವತ್ತರ ಆಸುಪಾಸಿಗೆ ಇಳಿಯಿತು. ಲೆನಾರ್ಡ್ ಮೊದಲ ವರ್ಷವೇ 37.6 ಹೊಡೆದ.

ಸರಿ, ಶೂಟಿಂಗ್ ಕಲಿಯಬಹುದು. ಕಲಿಯೋಕೆ ಕಷ್ಟವಾದದ್ದು ಬೇರೆ ಇದೆ. ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ‘ಇವನು ಎಷ್ಟು ಹೊಡೆಯುತ್ತಾನೆ’ ಅಲ್ಲ. ‘ಇವನು ಯಾರನ್ನು ಕಾಯಬಲ್ಲ?’

ವಿಲಿಯಮ್ಸ್ ಕಾಲೇಜಿನಲ್ಲಿ ಪವರ್ ಫಾರ್ವರ್ಡ್, ಅಂದರೆ ನಾಲ್ಕನೇ ನಂಬರ್ (ಐದು ಜಾಗಗಳಿಗೆ ನಂಬರ್ ಇದೆ: ಒಂದು, ಎರಡು ಗಾರ್ಡ್‌ಗಳು; ಮೂರು, ನಾಲ್ಕು ಫಾರ್ವರ್ಡ್‌ಗಳು; ಐದು ಸೆಂಟರ್). ತನಗಿಂತ ನಿಧಾನದವರನ್ನು ದಾಟಿ ಓಡುತ್ತಿದ್ದ, ಸಣ್ಣವರನ್ನು ಭುಜದಿಂದ ತಳ್ಳಿ ಮೇಲೇರುತ್ತಿದ್ದ. ಎನ್‌ಬಿಎಗೆ ಬಂದಾಗ ಆಗಿನ ನಾಲ್ಕನೇ ನಂಬರಿನವರು ಇವನಿಗಿಂತ ಭಾರ, ಮೂರನೇ ನಂಬರಿನವರು ಇವನಿಗಿಂತ ಚುರುಕು. ಅತ್ತ ಮೂರೂ ಅಲ್ಲ, ಇತ್ತ ನಾಲ್ಕೂ ಅಲ್ಲ. ನಮ್ಮ ಮಾತಲ್ಲಿ ಹೇಳೋದಾದರೆ ಎಡಬಿಡಂಗಿ. ಅದರ ಮೇಲೆ ಮಿನೆಸೋಟದಲ್ಲಿ ಆಗಲೇ ಕೆವಿನ್ ಲವ್ ಮತ್ತು ಮೈಕಲ್ ಬೀಸ್ಲಿ ಇದ್ದರು. ಇಬ್ಬರೂ ಫಾರ್ವರ್ಡ್‌ಗಳೇ. ಒಂದೇ ಬಾಗಿಲಲ್ಲಿ ಮೂವರು ನುಗ್ಗಿದ ಹಾಗಾಯಿತು.

ಎಡಬಿಡಂಗಿತನವೇ ತಪ್ಪು ಅಂತಲ್ಲ. ಡ್ರೇಮಂಡ್ ಗ್ರೀನ್‌ಗೂ ಅದೇ ಹಣೆಪಟ್ಟಿ ಅಂಟಿಸಿದ್ದರು. ಮಿಷಿಗನ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ, ಕೊನೆಯ ವರ್ಷ ಮ್ಯಾಚಿಗೆ 16.2 ಪಾಯಿಂಟ್, 10.6 ರೀಬೌಂಡ್, 3.8 ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯಲು ಕೊಟ್ಟ ಪಾಸ್), ಬಿಗ್ ಟೆನ್ ಎಂಬ ಕಾಲೇಜು ಕೂಟದ ಶ್ರೇಷ್ಠ ಆಟಗಾರ. ಆದರೂ 2012ರ ಡ್ರಾಫ್ಟ್‌ನಲ್ಲಿ 34 ಜನ ಹೋದ ಮೇಲೆ ಆತನ ಹೆಸರು ಕೂಗಿದರು. ಎತ್ತರ ಸಾಲದು, ಓಟ ಸಾಲದು ಅಂತ. ಆಮೇಲೆ ಗೋಲ್ಡನ್ ಸ್ಟೇಟ್‌ನಲ್ಲಿ ನಾಲ್ಕು ಚಾಂಪಿಯನ್‌ಶಿಪ್, 2017ರಲ್ಲಿ ಅತ್ಯುತ್ತಮ ಡಿಫೆಂಡರ್. ವ್ಯತ್ಯಾಸ ಏನು? ವಿಲಿಯಮ್ಸ್‌ಗೆ ಮೂರನ್ನೂ ನಾಲ್ಕನ್ನೂ ಕಾಯೋದು ಕಷ್ಟವಾಯಿತು. ಗ್ರೀನ್ ಒಂದರಿಂದ ಐದರವರೆಗೆ ಎಲ್ಲರನ್ನೂ ಕಾಯಬಲ್ಲವನಾದ. ಒಬ್ಬ ಯಾರಿಗೂ ಸಲ್ಲದವನು, ಇನ್ನೊಬ್ಬ ಎಲ್ಲರಿಗೂ ಸಲ್ಲುವವನು. ಕಾಲೇಜಿನಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಅದೇ ತಲೆನೋವು.

ಅದನ್ನು ಬೇರ್ಪಡಿಸೋಕೆ ನಾನು ಆಟಗಾರನ ಕಾಲು ನೋಡುತ್ತೇನೆ. ಹೇಗೆ ಅಂತ ಹೇಳುತ್ತೇನೆ. ನಿಮ್ಮ ಫಾರ್ವರ್ಡ್ ಡಿಫೆನ್ಸ್ ಮಾಡುತ್ತಾ ಬುಟ್ಟಿಯ ಹತ್ತಿರ ಸಹಾಯಕ್ಕೆ ನಿಂತಿದ್ದಾನೆ ಅಂದುಕೊಳ್ಳಿ. ಎದುರಾಳಿಗಳು ಚೆಂಡನ್ನು ಸರ್ರನೆ ಮೂಲೆಗೆ ಎಸೆದರು. ಅಲ್ಲಿ ನಿಂತವನು ಇವನ ಜವಾಬ್ದಾರಿ. ಇವನು ಓಡಲೇಬೇಕು. ಮೊದಲ ಎರಡು ಮೂರು ಹೆಜ್ಜೆ ಯಾರಾದರೂ ಜೋರಾಗಿ ಇಡುತ್ತಾರೆ. ಕೊನೆಯ ಎರಡು ಹೆಜ್ಜೆ ನೋಡಿ. ಒಳ್ಳೆಯ ಡಿಫೆಂಡರ್ ಅಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತಾನೆ, ಸೊಂಟ ಇಳಿಸುತ್ತಾನೆ, ಒಂದು ಕೈ ಮೇಲೆತ್ತುತ್ತಾನೆ. ಶೂ ನೆಲಕ್ಕೆ ಉಜ್ಜಿ ಕೀಚು ಕೀಚು ಸದ್ದು ಬರುತ್ತದೆ. ಮೂಲೆಯವನು ಶಾಟ್‌ನ ನಟನೆ ಮಾಡಿ ನುಗ್ಗಿದರೆ ಪಕ್ಕಕ್ಕೆ ಸರಿದು ಎರಡು ಹೆಜ್ಜೆ ಜೊತೆಗೇ ಹೋಗಬಲ್ಲ. ಸಾಲದ ಡಿಫೆಂಡರ್ ಬಸ್ಸು ಹಿಡಿಯೋಕೆ ಓಡಿ ಬಂದವನ ಹಾಗೆ ನೆಟ್ಟಗೆ ಬಂದು, ಮೇಲಕ್ಕೆ ಹಾರಿ, ಮೂಲೆಯವನನ್ನು ದಾಟಿ ಪ್ರೇಕ್ಷಕರ ಮಡಿಲಿಗೆ ಹೋಗುತ್ತಾನೆ. ಕಾಲೇಜಿನಲ್ಲಿ ಇದಕ್ಕೆ ಶಿಕ್ಷೆ ಕಡಿಮೆ. ಹಿಂದೆ ಬುಟ್ಟಿಯ ಕೆಳಗೆ ದೊಡ್ಡ ಸೆಂಟರ್ ಒಬ್ಬ ನಿಂತೇ ಇರುತ್ತಾನೆ. ಎನ್‌ಬಿಎಯಲ್ಲಿ ಡಿಫೆನ್ಸಿನವನು ಯಾರನ್ನೂ ಕಾಯದೆ ಬುಟ್ಟಿಯ ಮುಂದಿನ ಬಣ್ಣದ ಜಾಗದಲ್ಲಿ ಮೂರು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ. ಕಾಲೇಜಿಗೆ ಆ ನಿಯಮವೇ ಇಲ್ಲ. ಆ ಜಾಗದ ಅಗಲ ಕೂಡ ಕಾಲೇಜಿನಲ್ಲಿ 12 ಅಡಿ, ಅಲ್ಲಿ 16. ಹಾಗಾಗಿ ಇಲ್ಲಿ ಮುಚ್ಚಿಹೋಗುವ ತಪ್ಪು ಅಲ್ಲಿ ಬಟಾಬಯಲಾಗುತ್ತದೆ.

ಒಂದು ಮ್ಯಾಚಿನಲ್ಲಿ ಇಂಥ ಓಟ ಹತ್ತಾದರೂ ಸಿಗುತ್ತವೆ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡೋದರಿಂದ ಅರ್ಧ ಕಾಣುವುದಿಲ್ಲ. ಒಳಾಂಗಣದಲ್ಲೇ ಕೂತು ನೋಡುವ ನಿಮಗೆ ಎಲ್ಲ ಕಾಣುತ್ತದೆ. ಅದು ನಿಮ್ಮ ಅದೃಷ್ಟ.

ಇನ್ನು ಅಳತೆ. ನಮ್ಮಲ್ಲಿ ಹೂವು ಮಾರುವವರು ಎರಡೂ ಕೈ ಚಾಚಿ ‘ಒಂದು ಮಾರು’ ಅಂತ ಮಲ್ಲಿಗೆ ಅಳೆದುಕೊಡುತ್ತಾರಲ್ಲ, ಡ್ರಾಫ್ಟ್‌ಗೆ ಮುಂಚೆ ಷಿಕಾಗೊದಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷಾ ಶಿಬಿರದಲ್ಲಿ ಆಟಗಾರರ ಮಾರನ್ನೇ ಅಳೆಯುತ್ತಾರೆ. ವಿಂಗ್‌ಸ್ಪ್ಯಾನ್ ಅಂದರೆ ಅದೇ. ಸಾಮಾನ್ಯ ಮನುಷ್ಯನ ಮಾರು ಅವನ ಎತ್ತರದಷ್ಟೇ ಇರುತ್ತದೆ. ಲೆನಾರ್ಡ್ ಶೂ ಇಲ್ಲದೆ 6 ಅಡಿ 6 ಇಂಚು, ಮಾರು 7 ಅಡಿ 3 ಇಂಚು. ಒಂಬತ್ತು ಇಂಚು ಜಾಸ್ತಿ! ಅಂಗೈ ಬೆರಳು ಅಗಲಿಸಿದರೆ ಹನ್ನೊಂದು ಇಂಚು ದಾಟುತ್ತಿತ್ತು. ಗ್ರೀನ್ ಎತ್ತರ 6 ಅಡಿ 6 ಇಂಚು ಕೂಡ ಪೂರ್ತಿ ಇರಲಿಲ್ಲ, ಮಾರು 7 ಅಡಿ 1 ಇಂಚು. ಅದಕ್ಕೇ ಪ್ರೋಗ್ರಾಂ ಪುಸ್ತಕದಲ್ಲಿ ಬರೆದ ಎತ್ತರ ನೋಡಿ ತೀರ್ಮಾನ ಮಾಡಬೇಡಿ. ಕಾಲೇಜುಗಳು ಬರೆಯುವ ಎತ್ತರದಲ್ಲಿ ಶೂ ಸೇರಿರುತ್ತದೆ, ಸ್ವಲ್ಪ ಆಸೆಯೂ ಸೇರಿರುತ್ತದೆ. ಆದರೆ ಅಳತೆಗೂ ಒಂದು ಮಿತಿ ಇದೆ. ವಿಲಿಯಮ್ಸ್‌ನ ಮಾರೂ 7 ಅಡಿ ದಾಟಿತ್ತು. ಉದ್ದ ಕೈ ಇದ್ದರೆ ಸಾಲದು, ಅದು ದಾರಿಯಲ್ಲಿ ಬಂದ ಪಾಸ್‌ಗೆ ಅಡ್ಡ ಹೋಗಬೇಕು.

ರೀಬೌಂಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕಾಲೇಜಿನಿಂದ ಪ್ರೊಗೆ ಅಷ್ಟಿಷ್ಟು ನಿಯತ್ತಾಗಿ ಜೊತೆಗೆ ಬರುವ ಕೌಶಲ ಇದೊಂದೇ ಅಂತ ನನ್ನ ಅನುಭವ. ಲೂಸಿಯಾನಾ ಟೆಕ್‌ನ ಪಾಲ್ ಮಿಲ್‌ಸ್ಯಾಪ್ ಮೂರು ವರ್ಷ ಸತತವಾಗಿ ಇಡೀ ದೇಶದಲ್ಲಿ ರೀಬೌಂಡ್‌ಗೆ ಮೊದಲಿಗ. ಸಣ್ಣ ಕಾಲೇಜು, ಕುಳ್ಳ ಅಂತ 2006ರಲ್ಲಿ 47ನೆಯವನಾಗಿ ತೆಗೆದುಕೊಂಡರು. ಆಮೇಲೆ ನಾಲ್ಕು ಸಲ ಆಲ್ ಸ್ಟಾರ್ ಮ್ಯಾಚ್‌ಗೆ, ಅಂದರೆ ಲೀಗಿನ ಆಯ್ದ ಆಟಗಾರರ ಮ್ಯಾಚ್‌ಗೆ ಆಯ್ಕೆಯಾದ. ರೀಬೌಂಡ್ ವಿಷಯದಲ್ಲಿ ಮೋರ್‌ಹೆಡ್ ಸ್ಟೇಟ್‌ನ ಕೆನೆತ್ ಫರೀಡ್ ಕೂಡ ಅಂಥವನೇ. ಚೆಂಡು ಎಲ್ಲಿ ಬೀಳುತ್ತದೆ ಅಂತ ಅರ್ಧ ಸೆಕೆಂಡ್ ಮುಂಚೆ ಗೊತ್ತಾಗುವವರಿಗೆ ಎದುರಾಳಿ ಯಾರಾದರೇನು? ಲೆನಾರ್ಡ್ ಗಾರ್ಡ್ ಥರ ಓಡಾಡುತ್ತಲೇ ಮ್ಯಾಚಿಗೆ 10.6 ರೀಬೌಂಡ್ ಹಿಡಿಯುತ್ತಿದ್ದ. ದೈತ್ಯನಂತೆ ಕಾಣುತ್ತಿದ್ದ ವಿಲಿಯಮ್ಸ್ 8.3.

ವಯಸ್ಸನ್ನು ಮಾತ್ರ ಮರೆಯಬೇಡಿ. ಹತ್ತೊಂಬತ್ತರ ಹುಡುಗ ಹದಿನೈದು ಪಾಯಿಂಟ್ ಹೊಡೆಯೋದಕ್ಕೂ ಇಪ್ಪತ್ಮೂರರವನು ಇಪ್ಪತ್ತು ಹೊಡೆಯೋದಕ್ಕೂ ಅಜಗಜಾಂತರ. ಎರಡನೆಯವನು ಮಕ್ಕಳ ಜೊತೆ ಆಡುತ್ತಿದ್ದಾನೆ. ನಾರ್ತ್ ಕ್ಯಾರೊಲಿನಾದ ಟೈಲರ್ ಹ್ಯಾನ್ಸ್‌ಬ್ರೊ ನಾಲ್ಕು ವರ್ಷ ಕಾಲೇಜು ಆಳಿದ, 2008ರಲ್ಲಿ ದೇಶದ ಶ್ರೇಷ್ಠ ಆಟಗಾರ, 2009ರಲ್ಲಿ ಚಾಂಪಿಯನ್. ಎನ್‌ಬಿಎಯಲ್ಲಿ ಬೆಂಚಿನಿಂದ ಬಂದು ಬೆವರು ಸುರಿಸುವ ಆಟಗಾರನಾದ. ಈಗ ಇದು ಇನ್ನೂ ಮುಖ್ಯ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಲ್ಲಿ ದುಡ್ಡು ಮಾಡಬಹುದು, 2025ರಿಂದ ಕಾಲೇಜುಗಳೇ ನೇರವಾಗಿ ಕೊಡುತ್ತಿವೆ. ಹಾಗಾಗಿ ಬೇಗ ಓಡಿಹೋಗುವ ಆತುರ ಕಡಿಮೆಯಾಗಿದೆ, ದೊಡ್ಡ ವಯಸ್ಸಿನವರು ಹೆಚ್ಚಿದ್ದಾರೆ. ನಿಮ್ಮ ಫಾರ್ವರ್ಡ್‌ನ ಹುಟ್ಟಿದ ದಿನ ಮೊದಲು ಹುಡುಕಿ. ಆದರೆ ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ಗ್ರೀನ್ ಡ್ರಾಫ್ಟ್ ಆದಾಗ 22. ವಿಲಿಯಮ್ಸ್ ಮತ್ತು ಲೆನಾರ್ಡ್ ಹುಟ್ಟಿದ್ದು ಬರೀ 35 ದಿನದ ಅಂತರದಲ್ಲಿ. ಅವರಿಬ್ಬರ ನಡುವೆ ವಯಸ್ಸು ಏನೂ ಹೇಳಲಿಲ್ಲ.

ಹೇಳಿದ್ದು ಏನು ಅಂದರೆ, ಕೈಯಲ್ಲಿ ಚೆಂಡಿಲ್ಲದಾಗಿನ ಆಟ. ಕಾಲೇಜಿನಲ್ಲಿ ನಿಮ್ಮ ಫಾರ್ವರ್ಡ್ ಮದುಮಗ. ಎಲ್ಲ ಅವನಿಗಾಗಿಯೇ ನಡೆಯುತ್ತದೆ. ಎನ್‌ಬಿಎಗೆ ಹೋದರೆ ಬಡಿಸೋಕೆ ನಿಲ್ಲಬೇಕು. ಅಲ್ಲಿ ಚೆಂಡು ಇಟ್ಟುಕೊಳ್ಳುವವರು ಬೇರೆಯವರು, ಇವನು ನಾಲ್ಕನೆಯವನೋ ಐದನೆಯವನೋ. ಚೆಂಡು ಬಂದ ಅರ್ಧ ಸೆಕೆಂಡಿನಲ್ಲಿ ಎಸೆಯಬೇಕು, ಕೊಡಬೇಕು ಇಲ್ಲವೇ ನುಗ್ಗಬೇಕು. ಶಾಟ್ ಹೊಡೆಯೋಕೆ ತಂಡಕ್ಕೆ ಕಾಲೇಜಿನ ಹಾಗೆ 30 ಸೆಕೆಂಡ್ ಕೈಯಲ್ಲಿರಲ್ಲ, 24 ಅಷ್ಟೇ. ವಿಲಿಯಮ್ಸ್‌ನ ಅಸಿಸ್ಟ್ ಮ್ಯಾಚಿಗೆ ಒಂದರ ಆಸುಪಾಸು. ಅಷ್ಟು ಜನ ಮೈಮೇಲೆ ಬಿದ್ದು ಕಾಯುತ್ತಿದ್ದಾಗಲೂ ಒಂದೇ. ಯಾರೋ ಒಬ್ಬ ಖಾಲಿ ನಿಂತಿರಲೇಬೇಕಿತ್ತಲ್ಲ? ಲೆನಾರ್ಡ್‌ನದು 2.5. ಆಕಾಶದಷ್ಟು ಅಂತರ ಅಲ್ಲ, ಆದರೆ ತಲೆ ಎತ್ತಿ ನೋಡುವವನು ಯಾರು ಅನ್ನೋದಕ್ಕೆ ಗುರುತು.

ಇಷ್ಟು ಹೇಳಿ, ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಲೆನಾರ್ಡ್‌ನ ಶಾಟ್ ತಾನಾಗಿ ಸರಿಹೋಗಲಿಲ್ಲ. ಸ್ಪರ್ಸ್‌ನಲ್ಲಿ ಚಿಪ್ ಎಂಗೆಲ್ಯಾಂಡ್ ಅಂತ ಶೂಟಿಂಗ್ ಕೋಚ್ ಇದ್ದರು. ಹುಡುಗ ಚೆಂಡು ಬಿಡುತ್ತಿದ್ದ ಜಾಗವನ್ನು ಅವರು ತಿದ್ದಿದರು. ಹುಡುಗನೂ ದಿನವಿಡೀ ಜಿಮ್ ಬಿಟ್ಟು ಕದಲದವನು. ಪಕ್ಕದಲ್ಲಿ ಟಿಮ್ ಡಂಕನ್, ಟೋನಿ ಪಾರ್ಕರ್, ಮಾನು ಜಿನೋಬಿಲಿ. ಪಾಯಿಂಟ್ ಹೊಡೆಯುವ ಭಾರ ಅವರ ತಲೆ ಮೇಲೆ. ‘ನೀನು ಅವನನ್ನು ಕಾಯಿ, ಮೂಲೆಯಲ್ಲಿ ನಿಲ್ಲು’ ಅನ್ನೋದಷ್ಟೇ ಇವನಿಗೆ ಮೊದಲ ಪಾಠ. ಇಬ್ಬರ ಊರು ಅದಲುಬದಲಾಗಿದ್ದರೆ? ಲೆನಾರ್ಡ್ ಎಲ್ಲಿದ್ದರೂ ಒಳ್ಳೆಯ ಆಟಗಾರನೇ ಆಗುತ್ತಿದ್ದ ಅಂತ ನನ್ನ ನಂಬಿಕೆ. ವಿಲಿಯಮ್ಸ್ ಸ್ಪರ್ಸ್‌ಗೆ ಹೋಗಿದ್ದರೆ ಏನಾಗುತ್ತಿದ್ದ ಅನ್ನೋದನ್ನ ಯೋಚಿಸುತ್ತಾ ಎಷ್ಟೋ ಸಲ ಕಾಫಿ ಆರಿಹೋಗಿದೆ.

ನಿಮ್ಮ ಹಿರಿಯರಿಗೆ ಇನ್ನೊಂದು ಮಾತು ಹೇಳಿ. ಅಮೆರಿಕದ ಮೊದಲ ದರ್ಜೆಯ ಕಾಲೇಜು ತಂಡಗಳು 350ಕ್ಕಿಂತ ಹೆಚ್ಚು. ಎನ್‌ಬಿಎ ತಂಡ ಮೂವತ್ತು, ಒಂದೊಂದರಲ್ಲಿ ಪೂರ್ಣ ಒಪ್ಪಂದದ ಜಾಗ ಹದಿನೈದು. ಅದಕ್ಕೂ ಯುರೋಪಿನ, ಆಫ್ರಿಕಾದ, ಆಸ್ಟ್ರೇಲಿಯಾದ ಹುಡುಗರು ಸಾಲಿನಲ್ಲಿದ್ದಾರೆ. ಮೊದಲ ಸುತ್ತಿನಲ್ಲಿ ಹೋದವರಿಗೆ ಎರಡು ವರ್ಷದ ಸಂಬಳ ಖಾತ್ರಿ, ಎರಡನೇ ಸುತ್ತಿನವರಿಗೆ ಅಂಥ ಕಟ್ಟುಪಾಡಿಲ್ಲ. ಅಂಥ ಜಾಗದಲ್ಲಿ ವಿಲಿಯಮ್ಸ್ ಆರು ತಂಡಕ್ಕೆ ಆಡಿದ, ಆಮೇಲೆ ಬಾಯರ್ನ್ ಮ್ಯೂನಿಕ್, ಫೆನರ್‌ಬಾಚೆ, ವೆಲೆನ್ಸಿಯಾ, ಮಕಾಬಿ ಟೆಲ್ ಅವೀವ್ ಪರ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಯುರೋಲೀಗ್ ಮಟ್ಟದಲ್ಲಿ ಆಡಿದ. ಎರಡನೇ ಆಯ್ಕೆಗೆ ಇದು ಕಡಿಮೆ ಅನ್ನಿ, ಒಪ್ಪುತ್ತೇನೆ. ಆದರೆ ಪ್ರೊಫೆಷನಲ್ ಆಗಿ ನಿಂತನಾ ಅಂದರೆ ನಿಂತ. ನೀವು ಕೇಳಿದ್ದು ‘ನಿಲ್ಲುತ್ತಾನಾ’ ಅಂತ ತಾನೇ? ‘ಸ್ಟಾರ್ ಆಗುತ್ತಾನಾ’ ಅನ್ನೋದು ಬೇರೆಯದೇ ಪ್ರಶ್ನೆ. ಎರಡನ್ನೂ ಕಲಸಬೇಡಿ.

ನಿಮ್ಮ ಹುಡುಗನನ್ನು ನಾನು ನೋಡಿಲ್ಲ, ಹಾಗಾಗಿ ಭವಿಷ್ಯ ಹೇಳಲ್ಲ. ಮುಂದಿನ ಮ್ಯಾಚಿಗೆ ನಿಮ್ಮ ಕಾಲೇಜಿನ ಒಳಾಂಗಣ ಮೆಕೇಲ್ ಸೆಂಟರ್‌ಗೆ ಒಂದು ಗಂಟೆ ಮುಂಚೆ ಹೋಗಿ. ವಾರ್ಮ್ ಅಪ್‌ನಲ್ಲಿ ಅವನು ಮೂಲೆಯಿಂದ ಎಸೆಯುವಾಗ ಎಷ್ಟು ಬಿದ್ದವು ಅಂತ ಎಣಿಸಬೇಡಿ, ಪ್ರತಿ ಸಲವೂ ಕೈ ಒಂದೇ ಥರ ಏಳುತ್ತದಾ ನೋಡಿ. ಮ್ಯಾಚ್ ಶುರುವಾದ ಮೇಲೆ ಮೊದಲ ಹತ್ತು ನಿಮಿಷ ಚೆಂಡು ನೋಡಬೇಡಿ. ಕಷ್ಟ, ಪಕ್ಕದವರು ಎದ್ದು ಕೂಗುತ್ತಿರುತ್ತಾರೆ, ಆದರೂ ಅವನನ್ನೇ ನೋಡಿ. ಮೂಲೆಗೆ ಓಡಿದ ಪ್ರತಿ ಸಲಕ್ಕೂ ಒಂದು ಗೆರೆ ಹಾಕಿ, ಸೊಂಟ ಇಳಿಸಿ ನಿಂತರೆ ಅದರ ಪಕ್ಕ ಒಂದು ಚುಕ್ಕೆ. ತಪ್ಪು ಶಾಟ್ ಹೊಡೆದ ಮೇಲೆ ಹಿಂದಕ್ಕೆ ಓಡಿದನಾ, ರೆಫರಿ ಮುಖ ನೋಡುತ್ತಾ ನಿಂತನಾ, ಅದನ್ನೂ ಬರೆದುಕೊಳ್ಳಿ. ಮೂರು ನಾಲ್ಕು ಮ್ಯಾಚ್ ಹೀಗೆ ಮಾಡಿ, ಜೊತೆಗೆ ಅವನ ಹುಟ್ಟಿದ ದಿನ, ಇದುವರೆಗಿನ ಫ್ರೀ ಥ್ರೋ ಲೆಕ್ಕ ಸೇರಿಸಿ ನನಗೆ ಕಳಿಸಿ. ಪಾಯಿಂಟ್ ಎಷ್ಟು ಹೊಡೆದ ಅಂತ ಬರೆಯೋದು ಬೇಡ.